ಬದನೆ ಹೊಲಕ್ಕೆ ಇಳಿದ ವಿಮಾನ

ನಮ್ಮೂರಿನಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಯಾರಿಗಾದರೂ ಸಿಟ್ಟು ಬರಬೇಕು. ಸಿಟ್ಟು ಬಂದವನ ಮುಖ ಯಾವ ಕಡೆಗಿದೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಸಣ್ಣ ಸಿಟ್ಟಾದರೆ ದೀಪ ಆರುತ್ತದೆ, ದೊಡ್ಡದಾದರೆ ಹೆಂಚು ಹಾರುತ್ತವೆ. ಅದಕ್ಕೇ ನಮ್ಮಲ್ಲಿ ಮನೆ ಕಟ್ಟುವವರು ಮುಂಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ಒಂದೇ ನೇರಕ್ಕೆ ಇಡುತ್ತಾರೆ. ಬೈಗುಳ ಹಿತ್ತಲಿಗೆ ಹೋಗಲಿ, ನಡುಮನೆಯ ಗಡಿಗೆಗಳು ಉಳಿಯಲಿ ಎಂದು. ಗಂಡ ಹೆಂಡತಿ ಜಗಳಕ್ಕೆ ನಿಂತರೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಯಾರದಾದರೂ ಮೂಗು ಕೆಂಪಗಾದದ್ದು ಕಂಡರೆ ಹತ್ತಿರ ಇದ್ದವರು ಹಿಂದಿನಿಂದ ಬಂದು, ಎರಡೂ ಭುಜ ಹಿಡಿದು, ಏನೂ ಕೆಡದ ಕಡೆಗೆ ತಿರುಗಿಸಿಬಿಡುತ್ತಾರೆ. ಮುಂಚೆ ಕೇಳಬೇಕಿಲ್ಲ, ಆಮೇಲೆ ಹೇಳಬೇಕಿಲ್ಲ. ತಿರುಗಿಸಿದವರ ಮೇಲೆ ತಪ್ಪು ಹೊರಿಸುವಂತಿಲ್ಲ ಎಂಬುದು ಊರಿನ ಕಟ್ಟಳೆ. ಹೊರಿಸಿದರೆ ನಾಳೆ ಯಾರೂ ಯಾರ ಭುಜವನ್ನೂ ಮುಟ್ಟುವುದಿಲ್ಲ, ಒಂದು ಮನೆಯ ಮೇಲೂ ಹೆಂಚು ಉಳಿಯುವುದಿಲ್ಲ.

ಇಂಥ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಗಾಳಿ ನನ್ನದು. ಹೆಸರು ಭರಮಪ್ಪ, ಕರೆಯುವುದು ಭರಮ್ಯಾ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ನಾನು ಮಾಡಿದ ಲೆಕ್ಕವನ್ನು ನೋಡದೆಯೇ ತಪ್ಪು ಅಂದರು. ಲೆಕ್ಕ ಸರಿಯಿತ್ತು. ಶಾಲೆಯ ತಗಡು ಕೆರೆಯ ಆಚೆ ದಂಡೆಯಲ್ಲಿ ಸಿಕ್ಕಿತು. ಮರುದಿನದಿಂದ ನನ್ನನ್ನು ಒಳಗೆ ಬಿಡಲಿಲ್ಲ. ತಗಡು ಹೊಸದು ಹಾಕಿಸಿದರು, ಲೆಕ್ಕ ಸರಿಯಿತ್ತು ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ. ಸುಗ್ಗಿ ಬಂದರೆ ಮಾತ್ರ ನಾನು ಎಲ್ಲರಿಗೂ ಬೇಕು. "ಬಾರಪಾ ಭರಮಣ್ಣ" ಅಂತ ಕಣಕ್ಕೆ ಕರೆದು, ಹೊಟ್ಟು ಹಾರಬೇಕಾದ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ, ಹಿಂದಿನಿಂದ ಶಾಲೆಯ ಸುದ್ದಿ ಎತ್ತುತ್ತಾರೆ. ಹೊತ್ತು ಮುಳುಗುವುದರೊಳಗೆ ಜೋಳವೆಲ್ಲ ತೂರಿ ಮುಗಿಯುತ್ತದೆ. ರಾಶಿ ಮನೆ ಸೇರಿದ ಮೇಲೆ ಅದೇ ಜನ ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ಸಿಟ್ಟು ಬರದೆ ಇನ್ನೇನು ಬರಬೇಕು.

ನಮ್ಮೂರಿಗೆ ರಸ್ತೆ ಇಲ್ಲ. ಔಷಧ, ಟಪಾಲು, ಸೀಮೆಎಣ್ಣೆ, ಹೆಂಗಸರ ಬಳೆ, ಎಲ್ಲ ಬರುವುದು ವಾರಕ್ಕೊಮ್ಮೆ ಒಂದು ಸಣ್ಣ ವಿಮಾನದಲ್ಲಿ. ಊರ ಹೊರಗೆ ತೆಂಕಣದಿಂದ ಬಡಗಣಕ್ಕೆ ಮಣ್ಣು ಬಡಿದು ಗಟ್ಟಿ ಮಾಡಿದ ರನ್‌ವೇ ಇದೆ. ಅದರ ಮೂಡಣ ಬದಿಗೆ ಕಸ್ತೂರಿಯ ಅಂಗಳ, ಪಡುವಣ ಬದಿಗೆ ಊರ ಯಜಮಾನ ಅಡಿವೆಪ್ಪನವರ ಬದನೆ ಹೊಲ. ಕಸ್ತೂರಿ ಸಂಡಿಗೆ, ಹಪ್ಪಳ ಮಾಡಿ ಮಾರುತ್ತಾಳೆ, ನನ್ನ ಓರಗೆಯವಳು. ನನ್ನನ್ನು ಕಂಡು ಓಣಿ ಬದಲಿಸದವಳು ಅವಳೊಬ್ಬಳೇ. ಅವಳ ಮನೆ ಓಣಿಯಲ್ಲಿಲ್ಲ ಎಂಬುದೂ ಒಂದು ಕಾರಣ ಇರಬಹುದು, ಆದರೆ ನಾನು ಹಾಗೆ ಎಣಿಸುವುದಿಲ್ಲ. ಅಡಿವೆಪ್ಪನವರಿಗೆ ಯಜಮಾನಿಕೆ ಬಂದದ್ದು, ಅವರ ಎದುರಿಗಿನ ಎಲೆ ಎಂದೂ ಅಲುಗಾಡಿದ್ದನ್ನು ಯಾರೂ ಕಂಡಿಲ್ಲ ಎಂಬ ಕಾರಣಕ್ಕೆ.

ವಿಮಾನ ಬರುವ ದಿನ ಊರೆಲ್ಲ ಸಮಾಧಾನದಿಂದ ಇರಬೇಕು. ಸದ್ದು ಕೇಳಿದೊಡನೆ ಎಲ್ಲರೂ ಬಾಯಿಗೆ ಒಂದು ಉಂಡೆ ಬೆಲ್ಲ ಹಾಕಿಕೊಳ್ಳುತ್ತಾರೆ. ಅದು ಕರಗುವಷ್ಟರಲ್ಲಿ ವಿಮಾನ ಇಳಿದಿರುತ್ತದೆ. ನಾನು ಹೇಳುತ್ತಿರುವ ದಿನ ಬೇರೆ, ಹಳೆಯ ಪೈಲಟ್ ಕೆಲಸ ಬಿಟ್ಟಿದ್ದರಿಂದ, ಮೊದಲ ಸಲಕ್ಕೆ ಹೊಸಬರೊಬ್ಬರು ಬರುವವರಿದ್ದರು. ಜನಕ್ಕೆ ಎಂದಿಗಿಂತ ಹೆಚ್ಚು ಗಾಬರಿ.

ನಾನು ಮಾತ್ರ ಆರಾಮಾಗಿದ್ದೆ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಕಸ್ತೂರಿ ಬೆಳಿಗ್ಗೆ ಅರಳು ಸಂಡಿಗೆ ಇಟ್ಟಿದ್ದಳು. ಅಂಗಳದ ತುಂಬ ಹೊರಸು ಹಾಕಿ, ಅವುಗಳ ಮೇಲೆ ಹಳೆಯ ಸೀರೆ ಹಾಸಿ, ಸೀರೆಯ ಮೇಲೆ ಹಸಿ ಹಸಿ ಸಂಡಿಗೆ. ಕಾಗೆ ಓಡಿಸುವ ಕೆಲಸ ನನ್ನದು. ಅಂಗಳದ ಅಂಚಿನಲ್ಲಿ ರನ್‌ವೇಗೆ ಬೆನ್ನು ಹಾಕಿ ಕೂತಿದ್ದೆ. ಬಿಸಿಲು ಹಿತವಾಗಿತ್ತು. ಅವಳು ಆಗಾಗ ಒಂದು ಹಸಿ ಸಂಡಿಗೆಯನ್ನು ಬೆರಳಿನಿಂದ ಎತ್ತಿ ನನ್ನ ಕೈಗೆ ಹಾಕುತ್ತಿದ್ದಳು. ಹಸಿ ಸಂಡಿಗೆಯ ಹುಳಿ ಖಾರ ತಿಂದವನಿಗೇ ಗೊತ್ತು.

ಆಗ ಕಮ್ಮಾರ ಮೌನೇಶಿ ಬಂದ. "ಸಮಾಧಾನ ಐತೇನಪಾ ಭರಮಣ್ಣ?" ಅಂದ. ಐತಿ ಅಂದೆ. ಅವನು ಹೋದ ಮೇಲೆ ಬಳೆಗಾರ್ತಿ ಹುಸೇನವ್ವ ಬಂದಳು. "ಸಮಾಧಾನ ಐತಿಲ್ಲೋ ನನ್ನಪ್ಪ?" ಅಂತ ಗಲ್ಲ ಸವರಿದಳು. ಐತೆವ್ವ ಅಂದೆ. ಆಮೇಲೆ ಬಂದವರ ಹೆಸರು ಹೇಳುತ್ತಾ ಹೋದರೆ ಊರಿನ ಅರ್ಧ ಮನೆಗಳ ಹೆಸರು ಹೇಳಬೇಕಾಗುತ್ತದೆ. ಎಲ್ಲರದ್ದೂ ಅದೇ ಮಾತು, ಎಲ್ಲರ ಮುಖದಲ್ಲೂ ಹುಚ್ಚು ನಾಯಿಗೆ ರೊಟ್ಟಿ ಹಾಕುವವನ ನಗು. ಕೊನೆಗೆ, ದೂರದಲ್ಲಿ ವಿಮಾನದ ಸದ್ದು ಕೇಳುವ ಹೊತ್ತಿಗೆ, ಅಡಿವೆಪ್ಪನವರೇ ಬಂದು ನನ್ನ ಮಗ್ಗುಲಿಗೆ ನಿಂತರು.

"ಹೆಂಗ ತಮ್ಮಾ, ಸಮಾಧಾನ ಐತೇನು?"

"ಐತ್ರಿ."

"ಖರೇ ಐತೋ, ಸುಮ್ಮನ ಅಂತೀಯೋ?"

"ಖರೇ ಐತ್ರಿ ಯಜಮಾನ್ರ."

"ಮತ್ತ ಮೂಗು ಯಾಕ ಕೆಂಪಾಗೇತಿ?"

"ಬಿಸಲಿಗ್ರಿ."

"ಬಿಸಲಿಗೆ ಹಂಗ ಆಗೂದಿಲ್ಲ. ಬಾಯಿ ತೆಗಿ," ಅಂದು ಅವರು ದೊಡ್ಡ ಬೆಲ್ಲದ ಉಂಡೆಯನ್ನು ತಮ್ಮ ಕೈಯಿಂದಲೇ ನನ್ನ ಬಾಯಿಗೆ ತುರುಕಿದರು. "ಹಲ್ಲಾಗ ಹಿಡಕೊಂಡು ಕುಂದ್ರು. ಜಗಿಬ್ಯಾಡ."

ನಾನು ಎದ್ದು ನಿಂತು ಬೆಲ್ಲ ಉಗುಳಿದೆ. ಎದುರಿನ ಹೊರಸಿನ ಮೇಲೆ ಸೀರೆಯ ಅಂಚು ಪಟಪಟ ಬಡಿಯಿತು. ಒಂದು ಮೂಲೆ ಎದ್ದು ಮಡಚಿಕೊಳ್ಳುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಕಸ್ತೂರಿಯ ಎರಡು ಕೈ ನನ್ನ ಭುಜದ ಮೇಲೆ ಬಿದ್ದವು. ಕೈಯಲ್ಲಿ ಸಂಡಿಗೆ ಹಿಟ್ಟು ಹಾಗೇ ಇತ್ತು. ನನ್ನನ್ನು ತಟ್ಟನೆ ಹಿಂದಕ್ಕೆ ತಿರುಗಿಸಿದಳು.

ತಿರುಗಿ ನೋಡಿದರೆ ಎದುರಿಗೆ ವಿಮಾನ. ಚಕ್ರಗಳು ನೆಲದಿಂದ ಆಳೆತ್ತರದಲ್ಲಿದ್ದವು. ನನ್ನ ಗಾಳಿ ನೇರವಾಗಿ ಅದರ ಪಕ್ಕೆಗೆ ಹೋಗಿ ಬಡಿಯಿತು. ಈ ಕಡೆಯ ರೆಕ್ಕೆ ಎದ್ದಿತು, ಆ ಕಡೆಯದು ನೆಲಕ್ಕೆ ಬಗ್ಗಿತು. ಒಂದು ಚಕ್ರ ಬಡಿದು ಪುಟಿಯಿತು, ರೆಕ್ಕೆಯ ತುದಿ ಮಣ್ಣು ಗೀರಿತು, ವಿಮಾನ ಅಡ್ಡಡ್ಡ ಜಾರುತ್ತಾ ಮುಳ್ಳು ಬೇಲಿ ಮುರಿದುಕೊಂಡು ಬದನೆ ಹೊಲದೊಳಕ್ಕೆ ಹೋಗಿ ಕುಂಟುಗಾಲಲ್ಲಿ ನಿಂತಿತು. ಅದನ್ನು ಕಂಡು ನನ್ನ ಸಿಟ್ಟು ಇಳಿದುಹೋಯಿತು. ಧೂಳು ಕೂತಾಗ ಎಲ್ಲೂ ಒಂದು ಮಾತಿಲ್ಲ. ಊರವರ ಬಾಯಲ್ಲೆಲ್ಲ ಬೆಲ್ಲ ಇತ್ತು.

ಬಾಗಿಲು ತೆಗೆದು ಇಳಿದವಳು ಒಬ್ಬ ಹೆಂಗಸು. ಹೆಸರು ಐರಿನ್ ಅಂತ ಆಮೇಲೆ ಗೊತ್ತಾಯಿತು. ಊರವರು ಆ ಗಳಿಗೆಯಿಂದಲೇ ಪೈಲಟಮ್ಮ ಅಂದರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು, ಬೇರೆ ಏನೂ ಆಗಿರಲಿಲ್ಲ. ಗಿಡ ತುಳಿಯುತ್ತಾ ಸೀದಾ ಜನರ ಮುಂದೆ ಬಂದಳು.

"ಮೇಲಿಂದ ನೋಡಿದಾಗ ಒಂದು ಎಲೆ ಅಲ್ಲಾಡ್ತಿರಲಿಲ್ಲ. ಇಳಿಯೋ ಹೊತ್ತಿಗೆ ಇಂಥಾ ಅಡ್ಡಗಾಳಿ ಎಲ್ಲಿಂದ ಬಂತು? ಯಾರಾದ್ರೂ ಬಾಯಿ ಬಿಡ್ತೀರಾ?"

ಅಡಿವೆಪ್ಪನವರ ರುಮಾಲು ಹಾರಿಹೋಯಿತು. ಹುಸೇನವ್ವ ಸೆರಗು ಹಿಡಿದುಕೊಂಡು ಕೂತುಬಿಟ್ಟಳು. ಕಸ್ತೂರಿ ಓಡಿ ಹೋಗಿ ಪೈಲಟಮ್ಮನ ಭುಜ ಹಿಡಿದು ಕೆರೆಯ ಕಡೆಗೆ ತಿರುಗಿಸಿದಳು.

"ಮುಟ್ಟಬೇಡ ನನ್ನ."

"ಈಗ ಎಷ್ಟರ ಬೈರಿ ಅಕ್ಕಾರ. ಕೆರಿಗೆ ಏನೂ ಆಗೂದಿಲ್ಲ."

ಅವಳು ಬೈದಳು. ಕೆರೆಯ ಮೇಲೆ ತೆರೆ ಎದ್ದವು. ಅದನ್ನು ಕಂಡು ಬಾಯಿ ಮುಚ್ಚಿದಳು, ತೆರೆ ನಿಂತವು. ಸ್ವಲ್ಪ ಹೊತ್ತು ನೀರನ್ನೇ ನೋಡಿ, ಪರೀಕ್ಷೆಗೆಂಬಂತೆ ತನ್ನ ಮೇಲಧಿಕಾರಿಯನ್ನು ನೆನೆಸಿಕೊಂಡು ಒಂದು ಬೈಗುಳ ಬೈದಳು. ದಂಡೆಯಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆಗಳು ತಲೆ ಎತ್ತಿದವು. "ಓ, ಹೀಗೋ," ಅಂದಳು. ಅಷ್ಟೇ. ಆಮೇಲೆ ನಮಗೆ ಏನನ್ನೂ ವಿವರಿಸುವ ಕೆಲಸ ಬೀಳಲಿಲ್ಲ.

ಅಡಿವೆಪ್ಪನವರು ಮುರಿದುಬಿದ್ದ ಬದನೆ ಗಿಡಗಳ ನಡುವೆ ನಿಂತು ನಗುತ್ತಿದ್ದರು. "ಹೋಗ್ಲಿ ಬಿಡ್ರಿ. ಬದನಿಕಾಯಿ ಏನು, ಮತ್ತ ಬೆಳಿತಾವು," ಅಂದರು. ಅವರ ಎದುರಿಗಿದ್ದ ಗಿಡಗಳ ಎಲೆಗಳು ಸಣ್ಣಗೆ ಅಲುಗಾಡುತ್ತಿದ್ದವು. ಎಲ್ಲರೂ ಕಂಡರು, ಎಲ್ಲರೂ ಕೆರೆಯ ಕಡೆ ನೋಡಿದರು.

ಅವತ್ತೇ ಮಧ್ಯಾಹ್ನ ಊರ ಕಟ್ಟೆಯ ಮೇಲೆ ಸಭೆ ಸೇರಿತು. ಅಡಿವೆಪ್ಪನವರು ಮೆತ್ತಗೆ ಮಾತಾಡಿದರು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

"ವಿಮಾನ ಬರದಿದ್ರ ಊರು ಉಳಿಯೂದಿಲ್ಲ. ಭರಮ್ಯಾ ಇದ್ರ ವಿಮಾನ ಬರೂದಿಲ್ಲ. ರಿಪೇರಿ ಆಗಿ ಹೋಗೂವಾಗ ಅದರಾಗ ಇವನ್ನೂ ಕಳಿಸಿಬಿಡೂಣು. ಬ್ಯಾರೆ ಊರಾಗ ಚಂದಂಗ ಬಾಳ್ವೆ ಮಾಡ್ಲಿ. ನಮಗೇನು ಅವನ ಮ್ಯಾಲ ಸಿಟ್ಟಿಲ್ಲ."

ಕಸ್ತೂರಿ ಎದ್ದು ನಿಂತಳು. "ತಿರುಗಿಸಿದಾಕಿ ನಾನ್ರಿ."

"ತಿರುಗಿಸಿದವ್ರದು ತಪ್ಪಲ್ಲವ್ವ. ಕಟ್ಟಳಿ ನಿನಗೂ ಗೊತ್ತೈತಿ. ಕುಂದ್ರು."

ಅವಳು ಕೂತಳು. ಮೌನೇಶಿ ನನ್ನ ಭುಜ ಹಿಡಿದು ಖಾಲಿ ಬಯಲಿನ ಕಡೆಗೆ ತಿರುಗಿಸಿದ.

ನಾನು ಊರು ಬಿಟ್ಟು ಎಲ್ಲಿಗೆ ಹೋಗಲಿ? ಬೇರೆ ಊರುಗಳಲ್ಲಿ ಹೇಗೆ ಅಂತ ಪೈಲಟಮ್ಮನನ್ನೇ ಕೇಳಿದೆ. ಅವಳು ಕಸ್ತೂರಿಯ ಮನೆಯಲ್ಲೇ ಇಳಿದುಕೊಂಡಿದ್ದಳು. "ನಮ್ಮ ಕಡೆ ಸಿಟ್ಟು ಬಂದ್ರೆ ಹೊಟ್ಟೆ ಉರಿಯುತ್ತೆ, ತಲೆ ನೋಯುತ್ತೆ. ಗಾಳಿಗೀಳಿ ಏನೂ ಇಲ್ಲ. ಎಲ್ಲಾ ಒಳಗೇ ಇರುತ್ತೆ," ಅಂದಳು. ನನ್ನಷ್ಟು ಸಿಟ್ಟು ಒಂದು ಮೈಯೊಳಗೇ ಉಳಿದರೆ ಆ ಮೈ ಒಡೆದುಹೋಗುತ್ತದೆ. ಇಲ್ಲಿ ಬೈಸಿಕೊಂಡಾದರೂ ಬದುಕಿದ್ದೆ. ಇಲ್ಲಿ ಕಸ್ತೂರಿ ಇದ್ದಳು.

ವಿಮಾನದ ರೆಕ್ಕೆಯ ತುದಿಗೆ ಪೈಲಟಮ್ಮ ತಾನೇ ತಗಡು ಬಡಿದು ಸರಿಮಾಡಿದಳು. ಚಕ್ರದ ಬಾಗಿದ ಕಾಲನ್ನು ಬಿಚ್ಚಿ ಮೌನೇಶಿಯ ಕುಲುಮೆಗೆ ತಂದರು. ಅಷ್ಟು ದಪ್ಪ ಕಬ್ಬಿಣ ಕೆಂಪಾಗುವಷ್ಟು ಊದಲು ಅವನ ತಿದಿಗೆ ಶಕ್ತಿ ಸಾಲಲಿಲ್ಲ. ಅವನು ತಲೆ ಕೆರೆದುಕೊಳ್ಳುತ್ತಾ ನನ್ನ ಹತ್ತಿರ ಬಂದ.

"ತಪ್ಪು ತಿಳಕೋಬ್ಯಾಡ ಭರಮಣ್ಣ. ಸ್ವಲ್ಪ ಕುಲುಮಿ ಮುಂದ ಬಂದು ಕುಂದರತಿಯೇನು?"

ನನ್ನನ್ನು ಊರಿನಿಂದ ಒಯ್ಯುವ ವಿಮಾನದ ಕಾಲು ಕಾಯಿಸಲು ನನ್ನದೇ ಸಿಟ್ಟು. ಅದನ್ನು ಯೋಚಿಸಿದರೆ ಸಾಕು, ಕೆಂಡ ಬೆಳ್ಳಗಾಗುತ್ತಿತ್ತು. ಮೌನೇಶಿ ಸುತ್ತಿಗೆ ಎತ್ತಿದಾಗಲೆಲ್ಲ "ಭಾಳ ಛಲೋ, ಭಾಳ ಛಲೋ," ಅನ್ನುತ್ತಿದ್ದ. ಇಂಥ ಮಾತು ನನಗೆ ಯಾರೂ ಅಂದಿರಲಿಲ್ಲ, ಅಂದದ್ದು ಯಾವುದಕ್ಕೆ ನೋಡಿ.

ಹೊರಡುವ ದಿನ ಬೆಳಿಗ್ಗೆ ಎತ್ತು ಕಟ್ಟಿ ವಿಮಾನವನ್ನು ರನ್‌ವೇ ಮೇಲೆ ಎಳೆದು ತಂದರು. ನನ್ನ ಬಟ್ಟೆಯ ಗಂಟನ್ನು ಅಡಿವೆಪ್ಪನವರೇ ತಂದು ಒಳಗಿಟ್ಟರು. ಪೈಲಟಮ್ಮ ಬಗ್ಗಿ ಕಾಲನ್ನು ನೋಡಿದಳು, ಒದ್ದು ನೋಡಿದಳು, ನಿಂತು ಸುತ್ತ ನೋಡಿದಳು.

"ಈ ಕಾಲು ಬಹಳ ದೂರ ಓಡೋದಿಲ್ಲ. ಪೂರಾ ಉದ್ದ ಓಡಿಸಿದ್ರೆ ಮತ್ತೆ ಬಾಗುತ್ತೆ. ಎದುರಿಂದ ಜೋರು ಗಾಳಿ ಸಿಕ್ಕರೆ ಅರ್ಧದಲ್ಲೇ ಮೇಲೇಳಬಹುದು," ಅಂದಳು.

"ಎದುರಿಂದ್ರೀ?" ಅಂದರು ಅಡಿವೆಪ್ಪನವರು. "ಗಾಳಿ ಅಂದ್ರ ವಿಮಾನಕ್ಕ ಆಗೂದಿಲ್ಲಲ್ರಿ?"

"ಯಾರು ಹೇಳಿದ್ರು? ಪಕ್ಕದಿಂದ ಬಂದ್ರೆ ಬೀಳಿಸುತ್ತೆ. ಎದುರಿಂದ ಬಂದ್ರೆ ಎತ್ತುತ್ತೆ. ಇಳಿಯೋಕೂ ಅದೇ ಒಳ್ಳೇದು."

ಇಷ್ಟು ವರ್ಷ ಬೆಲ್ಲ ತಿಂದ ಊರು ಇದನ್ನು ಕೇಳಿ ಮುಖ ಮುಖ ನೋಡಿಕೊಂಡಿತು. ಅಡಿವೆಪ್ಪನವರು ಗಂಟಲು ಸರಿಮಾಡಿಕೊಂಡು, ಗಾಳಿ ಊರವರೆಲ್ಲ ಸೇರಿ ಕೊಡುತ್ತೇವೆ ಅಂದರು. ಬಡಗಣ ತುದಿಯಲ್ಲಿ ಸಾಲಾಗಿ ನಿಂತು ಸಿಟ್ಟಾಗಲು ನೋಡಿದರು. ಒಬ್ಬ ಅಳಿಯನನ್ನು ನೆನೆದ, ಒಬ್ಬ ಹಲ್ಲುನೋವನ್ನು. ಹುಸೇನವ್ವನಿಗೆ ಮಾತ್ರ ನಿಜವಾಗಿ ಬಂತು, ಅದೂ ಪಕ್ಕದಲ್ಲಿ ನಿಂತವನು ಕಾಲು ತುಳಿದದ್ದಕ್ಕೆ, ಅವಳು ಅವನ ಕಡೆ ತಿರುಗಿಬಿಟ್ಟಳು. ಎಲ್ಲ ಸೇರಿ ಒಂದು ಮೊರದ ಹೊಟ್ಟು ಹಾರುವಷ್ಟೂ ಆಗಲಿಲ್ಲ.

ಪೈಲಟಮ್ಮ ಒಳಗೆ ಹೋಗಿ ನನ್ನ ಗಂಟನ್ನು ತೆಗೆದು ಹೊರಗಿಟ್ಟಳು. "ಇವರನ್ನ ನಾನು ಕೂರಿಸಿಕೊಂಡು ಹೋದ್ರೆ ಗಾಳಿ ಕೊಡೋರು ಯಾರು? ಇವರು ಇಲ್ಲೇ ಇರಲಿ. ಮುಂದಿನ ವಾರ ನಾನು ಇಳಿಯೋವಾಗಲೂ ಇವರನ್ನ ಆ ತುದಿಯಲ್ಲೇ ನಿಲ್ಲಿಸಿ. ಎದುರು ಗಾಳಿ ಸಿಗೋದಾದ್ರೆ ನಾನು ಈ ಊರಿಗೆ ಬಿಡದೆ ಬರ್ತೀನಿ."

ಅಡಿವೆಪ್ಪನವರು ಗಂಟು ಎತ್ತಿಕೊಂಡು ನನ್ನ ಕೈಗೆ ಕೊಟ್ಟರು.

ಇವರನ್ನ, ಇವರು. ಭರಮ್ಯಾನನ್ನು ಬಹುವಚನದಲ್ಲಿ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಊರು ಬಿಡಬೇಕಿಲ್ಲ. ಕಾಗೆ ಓಡಿಸುತ್ತಾ ಇಲ್ಲೇ ಇರಬಹುದು. ನಾನು ಬಡಗಣ ತುದಿಗೆ ಹೋಗಿ ವಿಮಾನದ ಕಡೆಗೆ ಮುಖ ಮಾಡಿ ನಿಂತೆ. ಎದೆಯೊಳಗೆ ತಡಕಿದರೆ ಒಂದು ಚೂರು ಸಿಟ್ಟು ಸಿಗಲಿಲ್ಲ. ಹೊಟ್ಟೆ ತುಂಬ ಉಂಡು ಮಲಗಿದ ಹಾಗೆ ಹಾಯಾಗಿತ್ತು.

ಆ ತುದಿಯಲ್ಲಿ ಎಂಜಿನ್ ಗುಡುಗುತ್ತಿತ್ತು. ಪೈಲಟಮ್ಮ ಕೈ ಬೀಸಿದಳು. ಗಾಳಿ ಇಲ್ಲ. ಜನ ನನ್ನ ಹಿಂದೆ ಬಂದು ನೆರೆದರು.

"ಏ ಭರಮ್ಯಾ, ಶಾಲಿ ಕಲೀಲಾರದ ಕೋಣ," ಅಂದ ಮೌನೇಶಿ.

"ಹೌದಪಾ," ಅಂದೆ. ನಗು ಬಂತು.

"ನಿನ್ನ ಮಾರಿ ನೋಡಿದ ಎಮ್ಮಿ ಮೂರು ದಿನ ಹಾಲು ಕೊಡೂದಿಲ್ಲ," ಅಂದಳು ಹುಸೇನವ್ವ.

"ಖರೇ ಐತೆವ್ವ."

"ನಿನ್ನ ಲೆಕ್ಕ ತಪ್ಪಿತ್ತು," ಅಂದರು ಅಡಿವೆಪ್ಪನವರು. ಧೂಳು ಒಂದು ಮೊಳ ಹಾರಿ ಮತ್ತೆ ಕೂತಿತು. ಅಷ್ಟೇ. ಹಿಂದೆ ಯಾರೋ, ವಿಮಾನ ಹೋಗದಿದ್ದರೆ ಪೈಲಟಮ್ಮ ಇಲ್ಲೇ ಉಳಿಯುತ್ತಾಳೆ, ಅದು ಇಲ್ಲೇ ತುಕ್ಕು ಹಿಡಿಯುತ್ತದೆ, ಆಮೇಲೆ ಈ ಊರಿಗೆ ಯಾವ ವಿಮಾನವೂ ಬರುವುದಿಲ್ಲ, ಆಗ ಇವನನ್ನು ನಡೆಸಿಯೇ ಓಡಿಸೋಣ ಅಂದರು. ನನಗೆ ಹೆದರಿಕೆಯಾಯಿತು. ಹೆದರಿಕೆಗೆ ಗಾಳಿ ಏಳುವುದಿಲ್ಲ.

ಆಗ ಕಸ್ತೂರಿ ನನ್ನ ಕಿವಿಯ ಹತ್ತಿರ ಬಂದಳು.

"ಹೊಳ್ಳಿ ನೋಡಬ್ಯಾಡ. ಒಂದು ಮಾತು ಹೇಳ್ತೀನಿ. ಅವತ್ತ ನಿನ್ನ ತಿರುಗಿಸಿದಾಗ ನನಗ ವಿಮಾನ ಕಂಡಿತ್ತು."

"ಕಂಡಿತ್ತಾ?"

"ಚಂದಂಗ ಕಂಡಿತ್ತು. ಸಂಡಿಗಿ ಹಸಿ ಇದ್ದುವು. ವಿಮಾನ ಹೆಂಗರ ಇಳೀತೈತಿ, ಮಣ್ಣಾಗ ಬಿದ್ದ ಸಂಡಿಗಿ ತೊಳ್ಯಾಕ ಬರತೈತೇನು ಅಂತ ನಿನ್ನ ತಿರುಗಿಸಿದೆ."

"ಮತ್ತ ಕಟ್ಟಿ ಮ್ಯಾಲ ಯಾಕ ಹೇಳ್ಲಿಲ್ಲ?"

"ತಿರುಗಿಸಿದಾಕಿ ನಾನು ಅಂದ್ನೆಲ್ಲ. ಕಂಡಿತ್ತೇನು ಅಂತ ಯಾರೂ ಕೇಳ್ಲಿಲ್ಲ."

"ಸುಳ್ಳು ಹೇಳಾಕತ್ತಿ. ನನಗ ಸಿಟ್ಟು ಬರಲಿ ಅಂತ."

"ಸುಳ್ಳಾಗಿದ್ರ ಇನ್ನೂ ಛಲೋದು ಹೇಳ್ತಿದ್ದೆ," ಅಂದಳು.

ನಿಜ ಅಂತ ಆ ದನಿಯಲ್ಲೇ ಗೊತ್ತಾಯಿತು. ನಾಲ್ಕು ಹೊರಸು ಸಂಡಿಗೆ. ಅದಕ್ಕಾಗಿ ನಾನು ಊರು ಬಿಡುವವನಿದ್ದೆ. ಸಾಯಂಕಾಲಗಳಲ್ಲಿ ಕೆರೆ ದಂಡೆಗೆ ಒಬ್ಬನೇ ಹೋಗಿ ಇನ್ನು ಇದನ್ನೆಲ್ಲ ನೋಡುವುದಿಲ್ಲ ಅಂತ ಕೂತು ಬರುತ್ತಿದ್ದೆ. ಅವಳು ಆ ಸಂಡಿಗೆಯನ್ನು ಒಣಗಿಸಿ, ಡಬ್ಬಿಗೆ ತುಂಬಿ, ಕರಿದು ಪೈಲಟಮ್ಮನಿಗೆ ಊಟಕ್ಕೂ ಬಡಿಸಿದ್ದಳು. ನಾನೂ ತಿಂದಿದ್ದೆ. ಚೆನ್ನಾಗಿವೆ ಅಂತಲೂ ಅಂದಿದ್ದೆ.

ಗಾಳಿ ಎದ್ದಿತು. ಮೊದಲು ಕಾಲಡಿಯ ಮಣ್ಣು ಹೋಯಿತು, ಆಮೇಲೆ ರನ್‌ವೇ ಮೇಲಿನ ಸಣ್ಣ ಕಲ್ಲುಗಳು ಉರುಳತೊಡಗಿದವು. ವಿಮಾನದ ಮೂಗು ಬಿರುಗಾಳಿಗೆ ಸಿಕ್ಕ ಎಮ್ಮೆಯ ಹಾಗೆ ತಗ್ಗಿ ಎದ್ದಿತು. ಪೈಲಟಮ್ಮ ಓಡಿಸಿದಳು. ಕುಂಟುತ್ತಾ, ಎಗರುತ್ತಾ ಬಂತು. ಅರ್ಧ ದಾರಿಯೂ ಆಗಿರಲಿಲ್ಲ, ಕೆಟ್ಟ ಕಾಲು ನೆಲ ಬಿಟ್ಟಿತು, ಒಳ್ಳೆಯ ಕಾಲೂ ಬಿಟ್ಟಿತು. ನನ್ನ ತಲೆಯ ಮೇಲೆ ನೆರಳು ದಾಟಿತು. ಹಿಂದೆ ಜನ ಹೋ ಅಂದರು, ಎಲ್ಲರೂ ತಿರುಗಿ ಅದರ ಹಿಂದೆ ಓಡಿದರು. ನಾನು ತಿರುಗುವಂತಿರಲಿಲ್ಲ. ತಿರುಗಿದ್ದರೆ ಗಾಳಿಯೂ ತಿರುಗಿ ಬೆನ್ನಿಗೆ ಬಡಿದು ಅದನ್ನು ಮತ್ತೆ ಬೀಳಿಸುತ್ತಿತ್ತು. ನಾನು ಎತ್ತಿದ ವಿಮಾನವನ್ನು ನಾನೇ ನೋಡಲಿಲ್ಲ. ಸದ್ದು ಸಣ್ಣಗಾಗುವುದನ್ನು ಮಾತ್ರ ಕೇಳಿದೆ.

ವಿಮಾನ ಹೋದರೂ ನನ್ನ ಗಾಳಿ ನಿಲ್ಲಲಿಲ್ಲ. ಖಾಲಿ ರನ್‌ವೇ ಮೇಲೆ ಧೂಳು ಏಳುತ್ತಲೇ ಇತ್ತು. ಕಸ್ತೂರಿ ಹಿಂದಿನಿಂದ ಸುತ್ತಿ ಬಂದು ನನ್ನ ಎದುರಿಗೆ ನಿಂತಳು. ನಮ್ಮೂರಿನಲ್ಲಿ ಸಿಟ್ಟು ಬಂದವನ ಎದುರಿಗೆ ಯಾರೂ ನಿಲ್ಲುವುದಿಲ್ಲ. ಹಾಗೆ ನಿಂತವರನ್ನು ನಾನು ನೋಡಿಲ್ಲ, ನಿಂತದ್ದನ್ನು ಕೇಳಿಯೂ ಇಲ್ಲ. ಅವಳ ತುರುಬು ಬಿಚ್ಚಿ ಕೂದಲು ಹಿಂದಕ್ಕೆ ಹಾರಿತು, ಸೆರಗು ಹಾರಿತು, ಕಣ್ಣು ಕಿರಿದು ಮಾಡಿಕೊಂಡಳು.

"ಆಕಡಿ ಸರಿ," ಅಂದೆ.

"ಸರಿಯೂದಿಲ್ಲ."

"ಬೀಳ್ತಿ."

"ಬಿದ್ರ ಬೀಳ್ತೀನಿ. ನೀ ಎಷ್ಟ ಹೊತ್ತು ಸಿಟ್ಟಾಗಿರ್ತಿ, ಅಷ್ಟ ಹೊತ್ತು ನಿಂದರತೀನಿ."

ಗಾಳಿಗೆ ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋದಳು. ತಲೆ ತಗ್ಗಿಸಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಮತ್ತೆ ಒಂದು ಹಿಂದೆ, ಮತ್ತೆ ಎರಡು ಮುಂದೆ. ನನಗೆ ಸಿಟ್ಟು ಇತ್ತು, ಒಂದು ಚೂರೂ ಕಡಿಮೆ ಆಗಿರಲಿಲ್ಲ. ಆದರೆ ನೋಡನೋಡುತ್ತ ಅವಳು ಎಷ್ಟು ಹತ್ತಿರ ಬಂದುಬಿಟ್ಟಳೆಂದರೆ, ನಮ್ಮಿಬ್ಬರ ನಡುವೆ ಗಾಳಿ ಬೀಸುವಷ್ಟು ಜಾಗ ಉಳಿಯಲಿಲ್ಲ.